ಮೇಲಕ್ಕೆ ಹರಿಯುವ ಚರಂಡಿ

ನಾನು ಹೊಟ್ಟೆಪಾಡಿಗೆ ಚರಂಡಿ ನೋಡುವವಳು. ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಕೇಳಿದಾಗ ಹೀಗೇ ಹೇಳಿಬಿಟ್ಟರೆ ಅವರು ತಮ್ಮ ಎಲೆಯನ್ನು ಒಂದು ಗೇಣು ಆಚೆಗೆ ಎಳೆದುಕೊಳ್ಳುತ್ತಾರೆ. ಅದಕ್ಕೇ ನಮ್ಮಮ್ಮ ನೆಂಟರ ಮುಂದೆ "ನಮ್ಮ ಹುಡುಗಿ ಪರಿಸರದಲ್ಲಿದ್ದಾಳೆ" ಅನ್ನುತ್ತಿದ್ದರು. ಸರ್ಕಾರಿ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ಲೇತ್ ಮೆಷಿನ್ ಮುಂದೆ ನಿಂತು ಕಳೆದ ಅಪ್ಪ ಮಾತ್ರ, "ಪರಿಸರದಲ್ಲಿ ಎಲ್ಲರೂ ಇದ್ದೀವಿ ಕಣೇ. ಇವಳು ಮೋರೀಲಿದ್ದಾಳೆ" ಎಂದು ತಿದ್ದುತ್ತಿದ್ದರು.

ಕೆಲಸ ಏನೆಂದರೆ, ಯಾರೋ ಕಟ್ಟಿದ ಚರಂಡಿಯನ್ನು, ಮೋರಿಯನ್ನು, ಮಣ್ಣು ಕುಸಿಯದಂತೆ ಕಟ್ಟಿದ ಗೋಡೆಯನ್ನು, ಕಟ್ಟಿದವರೂ ಅಲ್ಲದ ಕಟ್ಟಿಸಿದವರೂ ಅಲ್ಲದ ಮೂರನೆಯವರೊಬ್ಬರು ನೋಡಿ ಸರಿಯಿದೆ ಎಂದು ಬರೆದುಕೊಡಬೇಕು. ಆ ಮೂರನೆಯವಳು ನಾನು. ಶಿವಾಜಿನಗರದಲ್ಲಿ ಹಳೇ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸಿತ್ತು. ಕೆಳಗೆ ಇಡೀ ದಿನ ಸುತ್ತಿಗೆ ಸದ್ದು. ಮೇಲೆ ನಾವು ನಾಲ್ಕು ಜನ ಎಂಜಿನಿಯರುಗಳು, ಒಂದು ಪ್ರಿಂಟರು, ಮತ್ತು ಆಫೀಸಿನ ಯಜಮಾನರು. ಅವರು ದೊಡ್ಡ ಹುದ್ದೆಯಿಂದ ರಿಟೈರಾಗಿ ಇಂದಿರಾನಗರದಲ್ಲಿ ಮನೆ ಮಾಡಿಕೊಂಡಿದ್ದವರು. ತುಂಬ ಒಳ್ಳೆಯ ಮನುಷ್ಯರು. ಒಬ್ಬರಿಗೂ ಕೆಟ್ಟದ್ದನ್ನು ಬರೆದವರಲ್ಲ. ಸೇರಿದ ಮೊದಲ ವಾರವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ್ದರು.

"ನೋಡಮ್ಮ, 'ತೃಪ್ತಿಕರ' ಅಂತ ಬರೆದ್ರೆ ನಾಳೆ ಏನಾದ್ರೂ ಆದಾಗ ನಮ್ಮ ತಲೆಗೆ ಬರುತ್ತೆ. 'ಅತೃಪ್ತಿಕರ' ಅಂತ ಬರೆದ್ರೆ ಇವತ್ತೇ ನಮ್ಮ ತಲೆಗೆ ಬರುತ್ತೆ. ಅದಕ್ಕೇ 'ಸಾಮಾನ್ಯವಾಗಿ ತೃಪ್ತಿಕರ' ಅಂತ ಬರೀಬೇಕು. ಆ 'ಸಾಮಾನ್ಯವಾಗಿ' ಇದೆಯಲ್ಲ, ಅದು ಛತ್ರಿ. ಬಿಸಿಲಿಗೂ ಆಗುತ್ತೆ, ಮಳೆಗೂ ಆಗುತ್ತೆ."

ಆ ಛತ್ರಿಯ ಕೆಳಗೆ ನಾನು ಬಹಳ ವರ್ಷ ಆರಾಮಾಗಿ ನಿಂತಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ಬರುವುದನ್ನು ಓದಿ ನನ್ನನ್ನು ಯಾರಾದರೂ ಧೈರ್ಯಸ್ಥೆ ಅಂದುಕೊಂಡಾರು.

ಕೆ.ಆರ್. ಪುರಂ ದಾಟಿ ಸ್ವಲ್ಪ ಒಳಗೆ ಹೋದರೆ ಒಂದು ಹಳೆಯ ಕಲ್ಲುಗಣಿ ಇತ್ತು. ನಮ್ಮ ಕಡೆಯ ಎಷ್ಟೋ ಮನೆಗಳ ಪಾಯದ ಕಲ್ಲು ಅಲ್ಲಿಂದಲೇ ಬಂದದ್ದು ಎಂದು ಹಳಬರು ಹೇಳುತ್ತಾರೆ. ಕಲ್ಲು ಮುಗಿದ ಮೇಲೆ ಗಣಿ ನಿಂತಿತು, ಗುಂಡಿ ಉಳಿಯಿತು. ಆಮೇಲೆ ದೊಮ್ಮಲೂರು, ಇಂದಿರಾನಗರದ ಹಳೇ ಮನೆಗಳನ್ನು ಒಡೆದು ಅಪಾರ್ಟ್‌ಮೆಂಟು, ಕಾಫಿ ಅಂಗಡಿಗಳನ್ನು ಕಟ್ಟತೊಡಗಿದಾಗ, ಒಡೆದ ಗೋಡೆ ಪಾಯಗಳೆಲ್ಲ ಲಾರಿ ಹತ್ತಿ ಬಂದು ಅದೇ ಗುಂಡಿಗೆ ಬಿದ್ದವು. ತವರಿಗೆ ಮರಳಿದ ಕಲ್ಲುಗಳು. ಗುಂಡಿ ಮುಕ್ಕಾಲು ತುಂಬಿದಾಗ ಯಾರಿಗೋ ಹೊಳೆಯಿತು: ಮೇಲೆ ಕೆಂಪು ಮಣ್ಣು ಹರಡಿ ಉದ್ಯಾನ ಮಾಡಬಹುದು. ಯೋಜನೆಯ ಕಾಗದಗಳಲ್ಲಿ ಅದರ ಹೆಸರು 'ಗಣಿಭೂಮಿ ಪುನಶ್ಚೇತನ'. ಚೇತನ ಹೋದದ್ದು ಯಾವಾಗ, ತೆಗೆದವರು ಯಾರು ಎಂದು ಆ ಕಾಗದಗಳಲ್ಲಿ ಎಲ್ಲೂ ಇರಲಿಲ್ಲ.

ಗಣಿಯನ್ನು ಮುಚ್ಚಿ ಮಾಡಿದ ನೆಲದಲ್ಲಿ ನೀರೇ ಮುಖ್ಯ. ಹೊಸದಾಗಿ ಹಾಕಿದ ಮಣ್ಣಿಗೆ ಇನ್ನೂ ಬುದ್ಧಿ ಬಂದಿರುವುದಿಲ್ಲ. ನೀರು ಕರೆದ ಕಡೆ ಹೊರಟುಬಿಡುತ್ತದೆ. ಅದಕ್ಕೆ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ತೆಂಗಿನ ನಾರಿನ ಚಾಪೆ ಹೊದಿಸಿ, ಹುಲ್ಲು ಬೆಳೆಸಿ, ಬುಡದಲ್ಲಿ ಚರಂಡಿ ಮಾಡಿ, ಮಣ್ಣು ತಂಗಲು ಹೂಳುಗುಂಡಿ ತೋಡಿ, ನೀರನ್ನು ಮೆಲ್ಲಗೆ ಹೊರಗೆ ಬಿಡಬೇಕು. ಇಷ್ಟೂ ಆಗಿದೆಯೇ ಎಂದು ನೋಡಿ ಬಾ ಎಂದು ಯಜಮಾನರು ನನ್ನನ್ನು ಕಳಿಸಿದರು. ಕಗ್ಗದಾಸಪುರದ ನನ್ನ ಮನೆಯಿಂದ ಹತ್ತಿರ ಅನ್ನುವುದು ಕಾರಣ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 'ಹತ್ತಿರ' ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಡ್ರೈವರ್ ಇದ್ದ.

ಹೋಗಿ ನೋಡಿದರೆ ಇಳಿಜಾರು ಹಸಿರೋ ಹಸಿರು. ನನಗೆ ಖುಷಿಯಾಯಿತು. ಮಣ್ಣು ಹಾಕಿ ಇನ್ನೂ ತಿಂಗಳಾಗಿಲ್ಲ, ಆಗಲೇ ಇಷ್ಟು ಹುಲ್ಲು! ಬಗ್ಗಿ ಮುಟ್ಟಿದೆ. ಬೆರಳು ಹಸಿರಾಯಿತು. ಹುಲ್ಲು ಇರಲಿಲ್ಲ.

ಕಂಟ್ರ್ಯಾಕ್ಟರ ಕಡೆಯ ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದ. ನಲವತ್ತರ ಆಸುಪಾಸಿನ, ತಲೆಗೆ ಟವೆಲ್ ಸುತ್ತಿದ, ನಗುಮುಖದ ಮನುಷ್ಯ.

"ಬೀಜ, ಗೊಬ್ಬರ, ಬಣ್ಣ ಎಲ್ಲಾ ನೀರಲ್ಲಿ ಕಲಸಿ ಪೈಪಲ್ಲಿ ಹೊಡೀತೀವಿ ಮೇಡಂ. ಬಣ್ಣ ಯಾಕೆ ಅಂದ್ರೆ, ಎಲ್ಲಿ ಹೊಡೆದಿದೀವಿ ಎಲ್ಲಿ ಬಿಟ್ಟಿದೀವಿ ಅಂತ ಗೊತ್ತಾಗ್ಲಿ ಅಂತ."

"ಬೀಜ ಯಾವಾಗ ಹಾಕಿದ್ದು?"

ಅವನು ತಲೆಯ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡ. "ಬೀಜ ಇನ್ನೂ ಬಂದಿಲ್ಲ ಮೇಡಂ. ಬಣ್ಣ ಬಂದಿತ್ತು."

ನಾರಿನ ಚಾಪೆಗಳು ಸುರುಳಿ ಸುತ್ತಿಕೊಂಡೇ ಒಂದು ಕಡೆ ಮಲಗಿದ್ದವು. ಅವುಗಳ ಮೇಲೆ ಸೂಪರ್‌ವೈಸರ್ ಕೂಡ ಮಧ್ಯಾಹ್ನ ಮಲಗುತ್ತಾನೆ ಎಂದು ತಲೆದಿಂಬಿನಿಂದ ತಿಳಿಯಿತು. ಹೂಳುಗುಂಡಿಯಲ್ಲಿ ಸಿಮೆಂಟ್ ಮೂಟೆ ಜೋಡಿಸಿದ್ದರು, ಮಳೆಯಲ್ಲಿ ನೆನೆಯಬಾರದಲ್ಲ. ಆಮೇಲೆ ಚರಂಡಿ ನೋಡಲು ಹೊರಟೆ. ಅದು ಮಾತ್ರ ಚೆಂದದ ಚರಂಡಿ. ಎರಡೂ ಕಡೆ ಕಲ್ಲು ಕಟ್ಟಿ, ನುಣ್ಣಗೆ ಗಾರೆ ಮಾಡಿ, ಇಳಿಜಾರಿನ ಬುಡದಿಂದ ಮುಖ್ಯ ಗೇಟಿನವರೆಗೆ ನೂಲು ಹಿಡಿದಂತೆ ಹೋಗಿತ್ತು. ಅದರ ಜೊತೆಯಲ್ಲೇ ನಡೆಯುತ್ತ ಗೇಟಿನ ಹತ್ತಿರ ಬರುವಷ್ಟರಲ್ಲಿ ನನಗೆ ಏದುಸಿರು ಬಂತು. ಐವತ್ತು ದಾಟಿದ ಮಂಡಿಗಳಿಗೆ ಲೆವೆಲ್ ಮೆಷಿನ್ ಬೇಕಾಗುವುದಿಲ್ಲ.

"ಇದು ಏರು ಅಲ್ವೇನ್ರೀ?"

"ಸ್ವಲ್ಪ, ಮೇಡಂ."

"ನೀರು ಏರು ಹತ್ತುತ್ತಾ?"

"ಡ್ರಾಯಿಂಗ್‌ನಲ್ಲಿ ಬಾಣ ಹೀಗೇ ಇದೆ ಮೇಡಂ." ಅವನು ನಕ್ಷೆ ಬಿಡಿಸಿ ತೋರಿಸಿದ. ಬಾಣ ನಿಜಕ್ಕೂ ಗೇಟಿನ ಕಡೆಗೇ ಇತ್ತು. ಗೇಟಿನ ಹೊರಗೆ ರಸ್ತೆಯ ಮೋರಿ ಇದೆಯಲ್ಲ, ಅದಕ್ಕೆ ಸೇರಿಸಿದರಾಯಿತು ಎಂದು ಯಾರೋ ಆಫೀಸಿನಲ್ಲಿ ಕೂತು ಬಾಣ ಎಳೆದಿದ್ದರು. ನೆಲವನ್ನು ಕೇಳಿರಲಿಲ್ಲ.

ಕಾಂಪೌಂಡಿನ ಹಿಂಬದಿಗೆ ಒಂದು ಸಣ್ಣ ಗಲ್ಲಿ. ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವರ ಮನೆಗಳು ಅಲ್ಲಿ ಇನ್ನೂ ಉಳಿದಿದ್ದವು. ಗಲ್ಲಿಯ ಮೂಲೆಯಲ್ಲಿ ಒಬ್ಬ ಹೆಂಗಸು ತಗಡಿನ ಅಂಗಡಿಯಲ್ಲಿ ಇಡ್ಲಿ, ವಡೆ ಮಾಡುತ್ತಿದ್ದಳು. ಅರವತ್ತರ ಮೇಲಾಗಿತ್ತು. ತೋಳುಗಳು ಮಾತ್ರ ಇನ್ನೂ ಸುತ್ತಿಗೆ ಹಿಡಿದವರ ತೋಳುಗಳೇ. ನಾನು ಅವಳಲ್ಲಿಗೆ ಹೋಗಿ, "ಅಮ್ಮ, ಒಂದು ಬಿಂದಿಗೆ ನೀರು ಕೊಡ್ತೀರಾ" ಅಂದೆ.

"ಕುಡಿಯೋಕೆ ಬಿಂದಿಗೇನಾ ಮೇಡಮ್ಮಾ?"

"ಚರಂಡಿಗೆ."

ಇಂಥ ಮಾತು ಕೇಳಿದ ಮೇಲೆ ಅವಳು ಅಂಗಡಿಯಲ್ಲಿ ನಿಲ್ಲುವುದುಂಟೇ? ಬಿಂದಿಗೆ ಸೊಂಟಕ್ಕಿಟ್ಟುಕೊಂಡು ತಾನೇ ಬಂದಳು. ಚರಂಡಿಯ ನಡುವೆ ನೀರು ಸುರಿಸಿದೆ. ನೀರು ಒಂದು ಕ್ಷಣ ಬಾಣದ ಮರ್ಯಾದೆ ಕಾಪಾಡುವಂತೆ ನಿಂತಿತು. ಆಮೇಲೆ ತಿರುಗಿ ನಮ್ಮ ಕಾಲಬುಡಕ್ಕೇ ಬಂತು. ಸೂಪರ್‌ವೈಸರ್ ಚಪ್ಪಲಿ ಎತ್ತಿಕೊಂಡ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಯ್ಯೋ ಸಾಮಿ! ಇಪ್ಪತ್ತು ವರ್ಷ ಈ ಗುಂಡೀಲಿ ಕಲ್ಲು ಒಡೆದೋಳು ನಾನು. ಮಳೆ ನೀರು ಆ ಕಡೆ ಒಂದಿನಾನೂ ಹೋಗಿದ್ದು ನೋಡಿಲ್ಲ. ಕೆರೆ ಕಡೆ ಹೋಗೋದು. ಆಗಿನ ಮೇಸ್ತ್ರಿ ಬಂಡೆ ಕೊರೆಸಿ ಬಾಯಿ ಮಾಡಿಸಿದ್ದ."

"ಎಲ್ಲಿ ಆ ಬಾಯಿ?"

ಅವಳು ಕೈಯನ್ನು ಗಾಳಿಯಲ್ಲಿ ಒಂದು ಸುತ್ತು ಆಡಿಸಿದಳು. "ಅಲ್ಲೇ ಎಲ್ಲೋ. ಈಗ ಯಾರಿಗೆ ನೆನಪಿರುತ್ತೆ ಬಿಡಮ್ಮಾ." ಆ ಸುತ್ತಿನಲ್ಲಿ ಅರ್ಧ ಕೆ.ಆರ್. ಪುರಂ ಬಂದುಹೋಯಿತು.

ಆಫೀಸಿಗೆ ವಾಪಸ್ಸು ಬಂದು ಕಂಡದ್ದನ್ನು ಕಂಡಂತೆ ಬರೆದೆ. ಚರಂಡಿ ಏರುಮುಖವಾಗಿದೆ. ನೀರು ಮೇಲಕ್ಕೆ ಹರಿಯುವುದಿಲ್ಲ. ಹುಲ್ಲಿಲ್ಲ, ಬಣ್ಣವಿದೆ. ಹೂಳುಗುಂಡಿಯಲ್ಲಿ ಸಿಮೆಂಟಿದೆ. ಯಜಮಾನರು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. "ಏನಮ್ಮ ಇದು, ಇಷ್ಟು ನೇರವಾಗಿ ಬರೆದಿದ್ದೀಯ! ಪೊಲೀಸ್ ಕಂಪ್ಲೇಂಟ್ ತರಹ ಇದೆ" ಅಂದರು. ಮರುದಿನ ಉದ್ಯಾನ ಮಾಡಿಸುತ್ತಿದ್ದ ಹಿರಿಯ ಅಧಿಕಾರಿಯ ಚೇಂಬರಿಗೆ ನನ್ನನ್ನೂ ಕರೆದುಕೊಂಡು ಹೋದರು.

ಅಧಿಕಾರಿಯದು ಶಾಂತ ಸ್ವಭಾವ. ಹಲಸೂರಿನ ಯಾವುದೋ ಮಿಠಾಯಿ ಅಂಗಡಿಯ ಡಬ್ಬಿ ತೆರೆದು ನಮ್ಮ ಮುಂದಿಟ್ಟರು. ಉದ್ಘಾಟನೆಯ ದಿನ ಆಗಲೇ ನಿಗದಿಯಾಗಿತ್ತು. ಆಹ್ವಾನ ಪತ್ರಿಕೆಯ ಕರಡು ಮೇಜಿನ ಮೇಲಿತ್ತು.

"'ನೀರು ಮೇಲಕ್ಕೆ ಹರಿಯುವುದಿಲ್ಲ' ಅಂತ ಬರೆದಿದ್ದೀರಿ. ಇದು ಸ್ವಲ್ಪ ನೆಗೆಟಿವ್ ಆಗಲ್ವಾ ಮೇಡಂ?"

"ಹರಿಯಲ್ಲ ಸರ್. ನಾನು ಸುರಿದು ನೋಡಿದೆ."

"ಒಂದು ಬಿಂದಿಗೆ ಸುರಿದು ನೋಡಿದ್ರಿ. ಒಂದು ಬಿಂದಿಗೆ ನೀರಿಗೆ ಫೋರ್ಸ್ ಇರಲ್ಲ. ಮಳೆ ನೀರಿಗೆ ಫೋರ್ಸ್ ಇರುತ್ತೆ."

ಎಂಜಿನಿಯರಿಂಗ್ ಓದಿದ ಮೂರು ಜನ ಆ ಕೋಣೆಯಲ್ಲಿದ್ದೆವು. ಮೂವರ ಬಾಯಲ್ಲೂ ಪೇಡಾ ಇತ್ತು. ಕೊನೆಗೆ ಯಜಮಾನರೇ ಪೆನ್ನು ತೆಗೆದು ತಿದ್ದಿದರು. 'ಚರಂಡಿಯ ಇಳಿಜಾರು ಮುಂದಿನ ಹಂತದಲ್ಲಿ ಮರುಪರಿಶೀಲನೆಗೆ ಯೋಗ್ಯ. ಹಸಿರೀಕರಣ ಆರಂಭಿಕ ಹಂತದಲ್ಲಿದೆ. ಹೂಳುಗುಂಡಿ ಸದ್ಬಳಕೆಯಾಗುತ್ತಿದೆ. ಕಾಮಗಾರಿ ಸಾಮಾನ್ಯವಾಗಿ ತೃಪ್ತಿಕರ.' ಕಾಗದವನ್ನು ನನ್ನ ಕಡೆ ಸರಿಸಿದರು. ನಾನು ಸೈ ಹಾಕಿದೆ. ಯಾರೂ ಹೆದರಿಸಲಿಲ್ಲ, ಯಾರೂ ಆಸೆ ತೋರಿಸಲಿಲ್ಲ. ಮನೆಗೆ ಹೊತ್ತಾಗುತ್ತಿತ್ತು, ಟಿನ್ ಫ್ಯಾಕ್ಟರಿ ಹತ್ತಿರ ಜಾಮ್ ಆಗುವ ಮೊದಲು ದಾಟಿಕೊಳ್ಳಬೇಕು ಅನಿಸಿತು, ಅಷ್ಟೇ. ನಿಜವಾಗಿಯೂ ಅಷ್ಟೇ.

ಎರಡು ವಾರದ ಮೇಲೆ ಕೊನೆಯ ಸಲ ಫೋಟೋ ತೆಗೆಯಲು ಹೋದಾಗ ಆ ಇಡ್ಲಿ ಅಂಗಡಿಯಲ್ಲಿ ಕೂತೆ. ಅವಳು ತಟ್ಟೆ ಇಟ್ಟು, ಚಟ್ನಿ ಸುರಿದು, ಎದುರಿಗೆ ನಿಂತಳು.

"ಬರ್ದ್ಯಾ ಮೇಡಮ್ಮಾ?"

"ಬರೆದೆ."

"ಸೈ ಹಾಕ್ದ್ಯಾ?"

"ಹೂಂ."

"ನೀರು ಮೇಲಕ್ಕೆ ಹೋಗುತ್ತೆ ಅಂತ ಹಾಕ್ದ್ಯಾ, ಹೋಗಲ್ಲ ಅಂತ ಹಾಕ್ದ್ಯಾ?"

ನಾನು ಇಡ್ಲಿ ಮುರಿದೆ. ಇಡ್ಲಿ ಮುಗಿದ ಮೇಲೆ, ಬೇರೆ ಗಿರಾಕಿಗಳನ್ನು ಕೇಳುವಂತೆ ನನ್ನನ್ನು "ಇನ್ನೆರಡು ಹಾಕ್ಲಾ" ಅನ್ನಲಿಲ್ಲ. ಅದು ನನಗೆ ಚೆನ್ನಾಗಿ ನಾಟಿತು.

ಉದ್ಘಾಟನೆ ಮಳೆಗಾಲದ ನಡುವೆ ಬಂತು. ಮುಖ್ಯ ಅತಿಥಿಗೆ ಬೇರೆ ದಿನ ಬಿಡುವಿರಲಿಲ್ಲ. ಇಳಿಜಾರಿನ ಬುಡದ ಸಮತಟ್ಟು ಜಾಗದಲ್ಲಿ ಶಾಮಿಯಾನ, ವೇದಿಕೆ, ಕೆಂಪು ಕಾರ್ಪೆಟ್. ಇಳಿಜಾರಿಗೆ ಹಿಂದಿನ ದಿನ ಮತ್ತೊಂದು ಸಲ ಬಣ್ಣ ಹೊಡೆದಿದ್ದರು. ಎಷ್ಟು ಹಸಿರು ಅಂದರೆ ಫೋಟೋಗ್ರಾಫರೇ "ಸ್ವಲ್ಪ ಜಾಸ್ತಿ ಆಯ್ತೇನೋ" ಅಂದ. ದೊಡ್ಡನೆಕ್ಕುಂದಿ ಕಡೆಯ ಕಂಪನಿಯೊಂದರಿಂದ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡ ಇಪ್ಪತ್ತು ಜನ ಗಿಡ ನೆಡಲು ಬಂದಿದ್ದರು. ಒಂದೇ ಗಿಡವನ್ನು ಸರದಿಯ ಮೇಲೆ ಎಲ್ಲರೂ ನೆಟ್ಟು ಫೋಟೋ ತೆಗೆಸಿಕೊಂಡರು. ಅಷ್ಟು ಸಲ ನೆಟ್ಟರೆ ಯಾವ ಗಿಡ ಬದುಕುತ್ತದೆ?

ಅಧಿಕಾರಿಯ ಭಾಷಣ ನಡೆಯುತ್ತಿತ್ತು. "ನಿಸರ್ಗದ ಗಾಯಕ್ಕೆ ನಾವು ಮುಲಾಮು ಹಚ್ಚಿದ್ದೇವೆ" ಅನ್ನುವ ಹೊತ್ತಿಗೆ ಮೊದಲ ಹನಿ ಬಿತ್ತು. ಐದು ನಿಮಿಷದಲ್ಲಿ ಜೋರು ಮಳೆ. ಆಮೇಲೆ ಮುಲಾಮು ಕರಗಿ ಇಳಿಯತೊಡಗಿತು. ಮೊದಲು ತೆಳ್ಳನೆ ಹಸಿರು ನೀರು, ಪುದೀನ ಚಟ್ನಿಗೆ ನೀರು ಜಾಸ್ತಿಯಾದಂತೆ. ಅದರ ಹಿಂದೆ ಕೆಂಪು ಮಣ್ಣು. ಇಳಿಜಾರು ನಮ್ಮ ಕಣ್ಣೆದುರಿಗೇ ಬೋಳಾಯಿತು. ನೀರು ಚೆಂದದ ಚರಂಡಿಗೆ ಇಳಿದು, ಗೇಟಿನ ಕಡೆ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಶಾಮಿಯಾನಕ್ಕೆ ನುಗ್ಗಿತು. ಫೋರ್ಸ್ ಇತ್ತು, ಅದನ್ನು ಒಪ್ಪಿಕೊಳ್ಳಬೇಕು. ಕಾರ್ಪೆಟ್ಟು ಎದ್ದು ತೇಲಿತು. ಮುಖ್ಯ ಅತಿಥಿಯನ್ನು ಇಬ್ಬರು ತೋಳು ಹಿಡಿದು ಏರು ಹತ್ತಿಸಿ ಕಾರಿಗೆ ಸೇರಿಸಿದರು. ಆ ಚರಂಡಿಯ ದಂಡೆಯ ಮೇಲೇ ನಡೆಸಿಕೊಂಡು ಹೋದರು. ಅಂತೂ ಅದರಲ್ಲಿ ಒಂದು ವಸ್ತುವಾದರೂ ಮೇಲಕ್ಕೆ ಹೋಯಿತು.

ನನಗೆ ನಗು ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹಿಂಬದಿಯ ಕಾಂಪೌಂಡ್ ಗೋಡೆಯ ಕಡೆ ಕಣ್ಣು ಹೋದಾಗ ನಗು ನಿಂತಿತು. ನೀರೆಲ್ಲ ಹೋಗಿ ಆ ಮೂಲೆಯಲ್ಲಿ ನಿಲ್ಲುತ್ತಿತ್ತು. ಮೊಣಕಾಲುದ್ದ ಆಗಿತ್ತು, ಏರುತ್ತಲೇ ಇತ್ತು. ಒಂದು ಇಟ್ಟಿಗೆ ಅಗಲದ ಗೋಡೆ. ಅದರ ಆಚೆ ಗಲ್ಲಿ, ಮನೆಗಳು. ಗೋಡೆ ಬಿದ್ದರೆ ಅವರ ಮೇಲೇ ಬೀಳುತ್ತದೆ. ಸೂಪರ್‌ವೈಸರ್ ಕೂಡ ಅಲ್ಲೇ ನೋಡುತ್ತಿದ್ದ. ಇಬ್ಬರೂ ಗೇಟಿನಿಂದ ಸುತ್ತಿಕೊಂಡು ಗಲ್ಲಿಗೆ ಓಡಿದೆವು.

ಗಲ್ಲಿಯ ಜನ ಆಗಲೇ ಮನೆಗಳಿಂದ ಹೊರಗೆ ಬಂದಿದ್ದರು. ಗೋಡೆಯ ಸಂದುಗಳಿಂದ ನೀರು ಚಿಮ್ಮುತ್ತಿತ್ತು. ಇಡ್ಲಿ ಅಂಗಡಿಯ ಒಲೆ ಆರಿತ್ತು. ಅಂಗಡಿಯ ಬೆನ್ನಿಗೆ, ಕಾಂಪೌಂಡಿಗೆ ಒತ್ತಿಕೊಂಡಂತೆ, ಅವಳದೇ ಮೇಕೆ ಶೆಡ್ಡು ಇತ್ತು. ಕಲ್ಲಿನ ಗಿಡ್ಡ ಗೋಡೆ, ಮೇಲೆ ಶೀಟು. ಅವಳು ಮೂರು ಮೇಕೆಗಳನ್ನು ಹೊರಗೆ ಎಳೆಯುತ್ತಿದ್ದಳು. ಶೆಡ್ಡಿನ ಒಳಗೆ ನೆಲದ ಹತ್ತಿರ ಬಂಡೆಯಲ್ಲಿ ಕೊರೆದ, ಕಾಂಪೌಂಡಿನ ಅಡಿಯಿಂದ ಬರುವ ಅರ್ಧಚಂದ್ರದಂಥ ಒಂದು ಕಮಾನು ಕಾಣಿಸಿತು. ಅದರ ತುಂಬ ಕಲ್ಲು ಜೋಡಿಸಿ ಮಣ್ಣು ಮೆತ್ತಿದ್ದರು.

"ಅಮ್ಮ, ಆ ಬಾಯಿ ಇದೇ ಅಲ್ವಾ?"

ಅವಳು ಮೇಕೆಯ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ನಿಮಗೆ ಅವತ್ತೇ ಗೊತ್ತಿತ್ತು."

"ಗೊತ್ತಿತ್ತು. ಹೇಳಿದ್ರೆ ಶೆಡ್ಡು ಕೀಳಿಸ್ತಿದ್ರಿ. ಮೇಕೆ ನಿನ್ನ ಮನೇಲಿ ಕಟ್ಲಾ?"

"ಈಗ ತೆಗೀಬೇಕಮ್ಮ. ಗೋಡೆ ಬಿದ್ರೆ ಜನ ಸಾಯ್ತಾರೆ. ಶೆಡ್ಡಿನ ಗೋಡೆ ಒಡೆದ್ರೆ ಮಾತ್ರ ನೀರಿಗೆ ದಾರಿ."

ಅವಳು ಮೇಕೆಯ ಹಗ್ಗ ಬಿಟ್ಟು ನನ್ನ ಮುಂದೆ ನಿಂತಳು. ಮಳೆ ಅವಳ ಮುಖದ ಮೇಲೆ ಹೊಡೆಯುತ್ತಿತ್ತು.

"ನನ್ನ ಗೋಡೆ ನಾನು ಒಡೀತೀನಿ. ಮೊದ್ಲು ನಿನ್ನ ಸೈ ನೀನು ಹೊಡೆದು ಹಾಕು."

"ಈಗಲಾ?"

"ಈಗ್ಲೇ. ಆಮೇಲೆ ನೀನು ಕಾರ್ಡು ಕುತ್ತಿಗೆಗೆ ಹಾಕ್ಕೊಂಡು ಹೋಗ್ತೀಯ. ಆಮೇಲೆ ಎಲ್ಲಾ ಸೇರಿ ಹೇಳ್ತೀರ, ಈ ಮುದುಕಿ ಮೋರಿ ಮುಚ್ಚಿದ್ಲು, ಅದಕ್ಕೇ ನೀರು ಬಂತು ಅಂತ. ಚರಂಡಿ ಸರಿ ಇತ್ತು ಅಂತ ನಿನ್ನ ಸೈ ಇರುತ್ತಲ್ಲ."

ಅವಳು ಓದು ಬಾರದವಳು. ಆದರೆ ನಮ್ಮ ಇಲಾಖೆಗಳನ್ನು ಎಷ್ಟು ಚೆನ್ನಾಗಿ ಓದಿದ್ದಳು! ಬ್ಯಾಗಿನಲ್ಲಿ ವರದಿಯ ನನ್ನ ಪ್ರತಿ ಇತ್ತು. ತೆಗೆದೆ. ಅವಳ ಇಡ್ಲಿ ತಟ್ಟೆಯೊಂದನ್ನು ಅಡಿಗಿಟ್ಟುಕೊಂಡು, ಸೂಪರ್‌ವೈಸರ್ ಟವೆಲ್ ಮರೆ ಹಿಡಿದಿರುವಾಗ, ಸೈಯ ಮೇಲೆ ಅಡ್ಡಗೆರೆ ಎಳೆದು ಕೆಳಗೆ ಬರೆದೆ: 'ಈ ವರದಿ ತಪ್ಪು. ಚರಂಡಿ ಏರುಮುಖವಾಗಿದೆ. ಇದು ನನಗೆ ಮೊದಲೇ ಗೊತ್ತಿತ್ತು.' ಬರೆದದ್ದರ ಅಡಿಯಲ್ಲಿ ಮತ್ತೊಂದು ಸೈ.

ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದು ಸೂಪರ್‌ವೈಸರ್‌ಗೆ ಕೊಟ್ಟಳು. "ನೀನು ಓದಪ್ಪ. ಇವಳು ಓದಿದ್ರೆ ನಂಬಲ್ಲ."

ಪಾಪ, ಆ ಚರಂಡಿ ಕಟ್ಟಿಸಿದವನು ಅವನೇ. ಸುರಿಯುವ ಮಳೆಯಲ್ಲಿ, ಗಲ್ಲಿಯ ಅಷ್ಟೂ ಜನರ ಮುಂದೆ, ಶಾಲೆಯ ಮಕ್ಕಳು ಪಾಠ ಒಪ್ಪಿಸುವ ಧ್ವನಿಯಲ್ಲಿ ಓದಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಕಾಗದ ಮಡಚಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಳಗೆ ಹೋಗಿ ಹಾರೆ ತಂದಳು.

ಅಂಥ ಕೆಲಸವನ್ನು ನಾನು ಹಿಂದೆ ನೋಡಿರಲಿಲ್ಲ. ನಾವಿಬ್ಬರೂ ಕಲ್ಲುಗಳನ್ನು ಎಲ್ಲೆಂದರಲ್ಲಿ ಎಳೆಯುತ್ತಿದ್ದರೆ, ಅವಳು ಗೋಡೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಒಂದೇ ಕಲ್ಲಿನ ಸಂದಿಗೆ ಹಾರೆ ಕೊಟ್ಟು ಮೈಭಾರ ಬಿಟ್ಟಳು. ಮೂರನೆಯ ಸಲಕ್ಕೆ ಇಡೀ ಗೋಡೆ ಕುಕ್ಕರುಬಡಿಯಿತು. ಆಮೇಲೆ ಕಮಾನಿನ ಕಲ್ಲುಗಳು. "ಪಕ್ಕಕ್ಕೆ ಬನ್ರೋ!" ಎಂದು ಕೂಗಿದಳು. ನಾವು ಹಾರಿ ಪಕ್ಕಕ್ಕೆ ಬಂದೆವು. ಬಂಡೆಯ ಬಾಯಿಯಿಂದ ನೀರು ಕೆಂಪಗೆ ಹಸಿರಗೆ ಉಕ್ಕಿ ಬಂದು, ಶೆಡ್ಡಿನ ಮಧ್ಯದಿಂದಲೇ, ಗಲ್ಲಿಯ ಬದಿಯ ಹಳೇ ಕಾಲುವೆ ಹಿಡಿದು ಕೆರೆಯ ಕಡೆಗೆ ಹೊರಟುಹೋಯಿತು. ಯಾರೂ ಬಾಣ ಗುರುತು ಮಾಡಿರಲಿಲ್ಲ. ಅರ್ಧ ಗಂಟೆಯಲ್ಲಿ ಗೋಡೆಯ ಆಚೆ ನೀರು ಪಾದದ ಮಟ್ಟಕ್ಕೆ ಇಳಿಯಿತು. ಅವಳ ಮೇಕೆಯೊಂದು ನನ್ನ ಸೀರೆಯ ಸೆರಗು ಅಗಿಯುತ್ತಿತ್ತು, ಬಿಡಿಸಿಕೊಳ್ಳಲೂ ಶಕ್ತಿಯಿರಲಿಲ್ಲ.

ಮಾರನೆಯ ದಿನವೇ ಎಲ್ಲವನ್ನೂ ಹೊಸದಾಗಿ ಬರೆದು ಯಜಮಾನರ ಮುಂದಿಟ್ಟೆ. ಜೊತೆಗೆ ಆ ಒದ್ದೆ ಕಾಗದದ ಫೋಟೋ. ಅಸಲನ್ನು ಕೇಳಿದಾಗ ಅವಳು ಕೊಟ್ಟಿರಲಿಲ್ಲ. ಯಜಮಾನರು ಬಹಳ ನೊಂದುಕೊಂಡರು. "'ನನಗೆ ಮೊದಲೇ ಗೊತ್ತಿತ್ತು' ಅಂತ ಯಾಕಮ್ಮ ಬರೆದೆ? 'ತದನಂತರ ಗಮನಕ್ಕೆ ಬಂದಿದೆ' ಅನ್ನಬಹುದಿತ್ತಲ್ಲ?" ಕೆಲಸದಿಂದ ತೆಗೆಯಲಿಲ್ಲ. ಅಷ್ಟು ಕಠಿಣವಾದದ್ದನ್ನು ಅವರು ಮಾಡುವವರಲ್ಲ. ಪೂರ್ತಿ ಕಟ್ಟಿ ಮುಗಿದ, ಛಾವಣಿ ಇರುವ, ನೀರಿನ ಸಂಪರ್ಕವೇ ಇಲ್ಲದ ಕಟ್ಟಡಗಳ ಬಣ್ಣ ನೋಡಲು ಕಳಿಸತೊಡಗಿದರು. ಆರು ತಿಂಗಳು ಗೋಡೆಗಳನ್ನು ನೋಡಿ, ನಾನೇ ಬಿಟ್ಟೆ. ಈಗ ಒಬ್ಬಳೇ ಕೆಲಸ ಮಾಡುತ್ತೇನೆ. ನನ್ನನ್ನು ಕರೆಯುವವರು ಕಡಿಮೆ. ಕರೆಯುವವರಿಗೆ ನಿಜವಾಗಿಯೂ ನೀರಿನ ಭಯ ಇರುತ್ತದೆ.

ತನಿಖೆಯೂ ಆಯಿತು. ಅನಿರೀಕ್ಷಿತ ಮಳೆ ಕಾರಣ ಎಂದು ತೀರ್ಮಾನವಾಯಿತು. ಮಳೆಗಾಲದಲ್ಲಿ ಮಳೆ ಬರಬಹುದೆಂದು ಯಾರೂ ನಿರೀಕ್ಷಿಸಿರಲಿಲ್ಲ. ಆದರೆ ನನ್ನ ಕಾಗದ ಫೈಲಿನಲ್ಲಿ ಸೇರಿಹೋಗಿತ್ತಾದ್ದರಿಂದ ಚರಂಡಿಯನ್ನು ಹಾಗೇ ಬಿಡುವಂತಿರಲಿಲ್ಲ. ಹಳೆಯದನ್ನು ಕಿತ್ತು, ಆ ಕಮಾನಿನ ಕಡೆಗೆ ಇಳಿಜಾರು ಕೊಟ್ಟು ಹೊಸದು ಕಟ್ಟಿದರು. ನಾರಿನ ಚಾಪೆಗಳನ್ನೂ ಬಿಡಿಸಿ ಹಾಸಿದರು. ಬೀಜವೂ ಬಂತು. 'ವೈಜ್ಞಾನಿಕ ಅಧ್ಯಯನದ ಆಧಾರದ ಮೇಲೆ' ಎಂದು ಫಲಕದಲ್ಲಿ ಬರೆದಿದ್ದಾರೆ.

ಹಾರೆ ಹಿಡಿದು ಆ ಅಧ್ಯಯನ ಮಾಡಿಸಿದವಳಿಗೆ ಸಿಕ್ಕಿದ್ದು ನೋಟಿಸು. ನೀರಿನ ದಾರಿಯನ್ನು ಒತ್ತುವರಿ ಮಾಡಿದ್ದಕ್ಕೆ ಯಾಕೆ ಕ್ರಮ ಕೈಗೊಳ್ಳಬಾರದು ಎಂದು. ನನಗೆ ಫೋನು ಮಾಡಿಸಿದಳು. ನಾನು ಹೋಗಿ ಓದಿ ಹೇಳಿದೆ.

"ನೋಡ್ದ್ಯಾ?" ಅಂದಳು. "ನಾನು ಹೇಳಿರ್ಲಿಲ್ವಾ?"

ವಿಚಾರಣೆಯ ದಿನ ಇಬ್ಬರೂ ಹೋದೆವು. ಸೂಪರ್‌ವೈಸರ್ ಕೂಡ ತಾನಾಗಿಯೇ ಬಂದಿದ್ದ. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಅಲ್ಲಿನ ಗುಮಾಸ್ತರು, "ಶೆಡ್ಡನ್ನು ಯಾರು ಒಡೆದದ್ದು? ನಮ್ಮ ಆದೇಶ ಇಲ್ಲದೆ ಒಡೆಯೋ ಹಾಗಿಲ್ಲ" ಎಂದು ಶುರು ಮಾಡಿದರು. ಕಟ್ಟಿದ್ದೂ ತಪ್ಪು, ಒಡೆದದ್ದೂ ತಪ್ಪು. ಅವಳು ಸೊಂಟದಿಂದ ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಸೂಪರ್‌ವೈಸರ್, "ಹೌದು ಸರ್, ಆ ಗೋಡೆ ಬಿದ್ದಿದ್ರೆ ಇವತ್ತು ನಾನೂ ಬೇರೆ ಕಡೆ ವಿಚಾರಣೆಗೆ ಕೂತಿರ್ತಿದ್ದೆ" ಅಂದ. ವಿಚಾರಣೆಗೆ ಕೂತಿದ್ದ ಅಧಿಕಾರಿ ಎಲ್ಲ ಕೇಳಿ, ಯೋಚಿಸಿ, 'ಒತ್ತುವರಿಯನ್ನು ಇಲಾಖೆಯ ಪ್ರಯತ್ನದಿಂದ ಸ್ವಯಂಪ್ರೇರಿತವಾಗಿ ತೆರವುಗೊಳಿಸಲಾಗಿದೆ' ಎಂದು ಬರೆಸಿ ಫೈಲು ಮುಚ್ಚಿಸಿದರು. ಅವತ್ತು ಹಾರೆ ಹಿಡಿದಿದ್ದ ಇಲಾಖೆಯ ಪ್ರಯತ್ನ ಎದುರಿಗೇ ಕೂತಿತ್ತು. ಅದರ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರು.

ಮೇಕೆಗಳಿಗೆ ಜಾಗ ಮಾತ್ರ ಸಿಕ್ಕಲಿಲ್ಲ. ಎರಡನ್ನು ಅವಳು ಹೊಸಕೋಟೆ ಕಡೆಯ ತಂಗಿಯ ಮನೆಗೆ ಕಳಿಸಿದಳು. ಇನ್ನೊಂದನ್ನು ಅಂಗಡಿಯ ಕಂಬಕ್ಕೇ ಕಟ್ಟಿದ್ದಾಳೆ, ಅದು ಗಿರಾಕಿಗಳ ತಟ್ಟೆಯ ಬಾಳೆಎಲೆ ತಿನ್ನುತ್ತದೆ. ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮನಸ್ಸು ತಡೆಯದೆ ಹೋಗಿದ್ದೆ. ಹುಲ್ಲು ಬಂದಿದೆ. ಅಲ್ಲಲ್ಲಿ ಬೋಳು, ಅಲ್ಲಲ್ಲಿ ಲಂಟಾನ, ಆದರೆ ಮುಟ್ಟಿದರೆ ಬೆರಳಿಗೆ ಬಣ್ಣ ಹತ್ತುವುದಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನ ಒಬ್ಬರು ಒಂದೇ ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯುತ್ತಿದ್ದವರು, ನಾನು ಚರಂಡಿಯೊಳಗೆ ಬಗ್ಗಿ ನೋಡುವುದನ್ನು ಕಂಡು ನಿಂತರು. ಇಷ್ಟು ಒಳ್ಳೆಯ ಪಾರ್ಕಿನಲ್ಲಿ ಇಂಥ ತೆರೆದ ಚರಂಡಿ ಅಸಹ್ಯ, ಇದನ್ನು ಮುಚ್ಚಿಸಿ ಮೇಲೆ ವಾಕಿಂಗ್ ಟ್ರ್ಯಾಕ್ ಮಾಡಿಸಲು ಅರ್ಜಿ ಕೊಟ್ಟಿದ್ದೇವೆ ಅಂದರು. ನಾನು ಹತ್ತು ನಿಮಿಷ ವಿವರಿಸಿದೆ. ಆ ಕಿವಿಯಿಂದಲೂ ಇಯರ್‌ಫೋನ್ ತೆಗೆದಿದ್ದರೆ ಅರ್ಥವಾಗುತ್ತಿತ್ತೇನೋ ಅನ್ನುವಂತಿರಲಿಲ್ಲ. ತೆರೆದಿದ್ದ ಕಿವಿಗೇ ಹೇಳಿದ್ದೆ.

ಗಲ್ಲಿಗೆ ಬಂದು ಇಡ್ಲಿ ಅಂಗಡಿಯಲ್ಲಿ ಕೂತು ಇದನ್ನು ಹೇಳಿದೆ. ಅವಳು ನಗಲಿಲ್ಲ. ಹಿಟ್ಟು ಹುಯ್ಯುತ್ತ, "ಎಷ್ಟು ಅಗಲ ಮುಚ್ತಾರಂತೆ?" ಎಂದು ಕೇಳಿದಳು.

"ಪೂರ್ತಿ."

"ಸರಿ. ಬೇಗ ತಿನ್ನು. ನನ್ನ ವಿಚಾರಣೆ ಮಾಡಿದ್ರಲ್ಲ, ಹೋಗಿ ಅದೇ ಆಫೀಸಲ್ಲಿ ಒಂದು ಮಾತು ಹೇಳಿಬರೋಣ. ಅಂಗಡಿ ಹನ್ನೊಂದಕ್ಕೆ ಮುಚ್ತೀನಿ."

ತಟ್ಟೆಗೆ ಇನ್ನೆರಡು ಇಡ್ಲಿ ಬಿದ್ದವು. ಹನ್ನೊಂದೂಕಾಲರ ಬಸ್ಸಿಗೆ ಇಬ್ಬರೂ ಹೊರಟೆವು.